ಆನೆ ದಾಟಿದ ಮೇಲೆ

ಬೇಲೂರಿನಿಂದ ಸಕಲೇಶಪುರದ ಕಡೆ ಹೊರಡುವ ಬೆಳಗಿನ ಕೆಂಪು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ, ಬಯಲು ಮಲೆನಾಡಾಗುವುದನ್ನು ಕೂತಲ್ಲೇ ನೋಡಬಹುದು. ಊರಾಚೆ ಸ್ವಲ್ಪ ದೂರ ಶುಂಠಿ ಕಿತ್ತ ಹೊಲ, ಕೊಯ್ದ ಗದ್ದೆಯ ಕೂಳೆ, ತೆಂಗಿನ ಸಾಲು. ಆಮೇಲೆ ರಸ್ತೆ ಒಂದೆರಡು ಸಲ ಹೊರಳುವಷ್ಟರಲ್ಲಿ ಸಿಲ್ವರ್ ಮರಗಳು ಎರಡೂ ಬದಿಗೆ ನೆಟ್ಟಗೆ ಎದ್ದು ನಿಂತಿರುತ್ತವೆ. ಮೈತುಂಬ ಮೆಣಸಿನ ಬಳ್ಳಿ, ಬುಡದಲ್ಲಿ ಕಾಫಿ. ಗಡಗಡಿಸುವ ಗಾಜಿನ ಸಂದಿಯಿಂದ ನುಗ್ಗುವ ಗಾಳಿಗೆ ಹುಳಿ ವಾಸನೆ ಹತ್ತುತ್ತದೆ. ಪಲ್ಪರಿನಿಂದ ಬಂದ ಕಾಫಿ ಸಿಪ್ಪೆ ರಾಶಿಯಲ್ಲಿ ಕೊಳೆಯುವ ವಾಸನೆ ಅದು. ಜನವರಿಯಲ್ಲಿ ಬಂದವರಿಗೆ ಈ ಸೀಮೆಯ ಮೊದಲ ಪರಿಚಯ ಮೂಗಿನಿಂದಲೇ.

ಬಿಕ್ಕೋಡಿನಲ್ಲಿ ಇಳಿದಾಗ ಏಳೂವರೆ. ಸರ್ಕಲ್ಲಿನ ಅಂಗಡಿ ಬೋರ್ಡುಗಳು ಮಂಜಿನಲ್ಲಿ ಅರ್ಧರ್ಧ ಕಾಣುತ್ತಿದ್ದವು. ಹೋಬಳಿ ಕೇಂದ್ರವೆಂದರೆ ಇರಬೇಕಾದದ್ದೆಲ್ಲ ಇದೆ: ಬೇಕರಿ, ಔಷಧಿ ಅಂಗಡಿ, ಗೊಬ್ಬರದಂಗಡಿ, ಕಾಫಿ-ಮೆಣಸು ಕೊಳ್ಳುವವರ ಮಳಿಗೆ. ಕಿವಿಗೆ ಮಫ್ಲರ್ ಸುತ್ತಿದ ಹೋಟೆಲಿನವನು ಲೋಟದಿಂದ ಲೋಟಕ್ಕೆ ಕಾಫಿ ಎತ್ತಿ ಸುರಿಯುತ್ತಿದ್ದ. ಎದುರಿಗೆ ಪಿಕಪ್ ಗಾಡಿಯೊಂದು ಕೂಲಿಯವರನ್ನು ತುಂಬಿಕೊಂಡು ಹೊರಟಿತ್ತು. ಒಳಗಿನಿಂದ ಕೇಳಿದ ಮಾತು ಕನ್ನಡವಲ್ಲ, ಅಸ್ಸಾಮಿನದು. ಒಂದು ಕಾಲಕ್ಕೆ ತಮಿಳು ಕೇಳುತ್ತಿದ್ದ ತೋಟದ ಲೈನ್ ಮನೆಗಳಲ್ಲಿ ಈಗ ಬ್ರಹ್ಮಪುತ್ರದ ಹಾಡು.

ವಾರಾಂತ್ಯಕ್ಕೆಂದು ನಾವು ಮೂವರು ಬೆಂಗಳೂರಿನಿಂದ ಬಂದಿದ್ದೆವು. ಶನಿವಾರ ಗುಡ್ಡ ಹತ್ತುವುದು, ಭಾನುವಾರ ನೀರಿಗಿಳಿಯುವುದು ಎಂದು ಲೆಕ್ಕ ಹಾಕಿಕೊಂಡಿದ್ದೆವು. ಹೊಸ ಬೂಟು, ಬೆನ್ನಿಗೆ ಚೀಲ, ಕೈಗೊಂದು ಮಡಚುವ ಕೋಲು. ನಾವು ಉಳಿದುಕೊಂಡ ತೋಟದಮನೆಯ ಗೌಡರು ಬೂಟನ್ನು ಒಮ್ಮೆ, ತಮ್ಮ ಮೊಬೈಲನ್ನು ಒಮ್ಮೆ ನೋಡಿದರು.

"ಇವತ್ತು ಬೇಡ ಸಾರ್. ಗುಂಪು ನಮ್ಮ ಗುಡ್ಡದ ತಲೇಲೇ ಮಲಗಿದೆ. ಮರಿಗಳೂ ಇದಾವಂತೆ."

ಗುಂಪೆಂದರೆ ಆನೆ. ಬೇಲೂರು, ಆಲೂರು, ಸಕಲೇಶಪುರದ ತೋಟಗಳಲ್ಲಿ ಬೇರೆ ಯಾವ ಗುಂಪಿಗೂ ಹೀಗೆ ಬರೀ 'ಗುಂಪು' ಎನ್ನುವ ಪಟ್ಟವಿಲ್ಲ. 2022ರಲ್ಲಿ ಆನೆ ಕಾರ್ಯಪಡೆ ಬಂದ ಮೇಲೆ ಅರಣ್ಯ ಇಲಾಖೆಯ ಹುಡುಗರು ಹಗಲೂ ರಾತ್ರಿ ಅವುಗಳ ಹಿಂದೆ ಅಲೆಯುತ್ತಾರೆ. ಯಾವ ತೋಟದಲ್ಲಿವೆ, ಯಾವ ಕಡೆ ಮುಖ ಮಾಡಿವೆ ಎನ್ನುವುದು ಮೊಬೈಲಿಗೆ ಬರುತ್ತದೆ. ಅದನ್ನು ನೋಡಿಯೇ ಶಾಲೆಗೆ ಮಕ್ಕಳನ್ನು ಬಿಡಬೇಕು, ಕೊಯ್ಲಿಗೆ ಆಳು ಕಳಿಸಬೇಕು. ಪ್ರವಾಸಿಗರ ಚಾರಣ ಆ ಸಾಲಿನಲ್ಲಿ ಕೊನೆಯದು. ಅದು ಸರಿಯೂ ಹೌದು.

ಗುಡ್ಡ ತಪ್ಪಿದ್ದರಿಂದ ಕಣ ಸಿಕ್ಕಿತು. ಮನೆ ಮುಂದಿನ ಸಿಮೆಂಟು ಅಂಗಳದ ತುಂಬ ರೊಬಸ್ಟಾ ಹಣ್ಣು ಹರವಿತ್ತು: ಒಂದು ಕಡೆ ನಿನ್ನೆಯ ಕೆಂಪು, ಅದರ ಪಕ್ಕ ಮೊನ್ನೆ ಮೊನ್ನೆಯದು ಕಂದು, ತುದಿಯಲ್ಲಿ ಎರಡು ವಾರ ಬಿಸಿಲುಂಡು ಕರ್ರಗಾದದ್ದು. ಹೆಂಗಸೊಬ್ಬಳು ಬರಿಗಾಲಲ್ಲಿ ಹಲಗೆ ಎಳೆಯುತ್ತಾ ಸಾಲು ಬಿಡಿಸುತ್ತಿದ್ದಳು. ಎಳೆದಷ್ಟು ದೂರ ಮಳೆ ಬಂದ ಹಾಗೆ ಸದ್ದು. ಒಣಗಿದ್ದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಅವಳು ಕರಿಯ ಕಾಯಿ ನಾಲ್ಕು ಬಾಚಿ ಮುಷ್ಟಿಯಲ್ಲಿ ಹಿಡಿದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಬೀಜ ಗಲಗಲ ಎಂದಿತು. ಪಕ್ಕದ ಸಾಲಿನದನ್ನು ಅಲ್ಲಾಡಿಸಿದರೆ ಸದ್ದಿಲ್ಲ. "ಇದಿನ್ನೂ ಮೂಕ, ಅಣ್ಣ" ಎಂದು ನಕ್ಕಳು.

ಸಂಜೆ ನಾಲ್ಕೂವರೆಗೆ ತೂಕ. ತೋಟದೊಳಗಿನಿಂದ ಒಬ್ಬೊಬ್ಬರೇ ಚೀಲ ಹೊತ್ತು ಬಂದರು. ಗಂಡ ಹೆಂಡತಿ ಇಬ್ಬರಾದರೆ ಒಂದೇ ಲೆಕ್ಕ. ಮರಕ್ಕೆ ನೇತುಹಾಕಿದ ಕೊಕ್ಕೆ ತಕ್ಕಡಿಗೆ ಚೀಲ ಸಿಕ್ಕಿಸಿದಾಗ ಎಲ್ಲರ ಕಣ್ಣೂ ಮುಳ್ಳಿನ ಮೇಲೆ. ಅದು ನಡುಗಿ ನಿಲ್ಲುವ ತನಕ ಮಾತಿಲ್ಲ. ರೈಟರ್ ಗಟ್ಟಿಯಾಗಿ ಓದಿದ, ಪುಸ್ತಕದಲ್ಲಿ ಬರೆದ, ಚೀಲದವನು ತನ್ನ ಮೊಬೈಲಿನಲ್ಲೂ ಬರೆದುಕೊಂಡ. ಕೊಯ್ಲಿನಲ್ಲಿ ಕೂಲಿ ಕೆ.ಜಿ. ಲೆಕ್ಕ. ಇಷ್ಟು ಕೆಂಪು ರಾಶಿ ಒಣಗಿ, ಸಿಪ್ಪೆ ಬಿಟ್ಟು, ಬರೀ ಬೀಜವಾಗುವ ಹೊತ್ತಿಗೆ ಐದು ಕೆ.ಜಿ. ಹಣ್ಣಿಗೆ ಸುಮಾರು ಒಂದು ಕೆ.ಜಿ. ಉಳಿಯುತ್ತದೆ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು ಎಂದು ಓದಿದ್ದೆ. ಆ ಅಂಕಿಗೆ ಬೆನ್ನೂ ಬೆವರೂ ಇರುವುದು ಆ ಕೊಕ್ಕೆಯ ಕೆಳಗೆ ಕಂಡಿತು.

ಐದೂವರೆಯೊಳಗೆ ತೋಟ ಖಾಲಿ. ರಾತ್ರಿ ಅಕ್ಕಿರೊಟ್ಟಿ, ಎಣ್ಣೆಗಾಯಿ, ಒಲೆಯ ಮುಂದೆ ಮಾತು. ಮಾತು ಎಲ್ಲಿಂದ ಹೊರಟರೂ ಆನೆಗೇ ಬಂದು ನಿಲ್ಲುತ್ತಿತ್ತು. 2013-14ರಲ್ಲಿ ಆಲೂರು ಭಾಗದಿಂದ 22 ಆನೆ ಹಿಡಿದು ಸಾಗಿಸಿದ್ದು, ಆದರೂ ಖಾಲಿಯಾದ ಜಾಗಕ್ಕೆ ಮತ್ತೆ ಬಂದದ್ದು. ಎಂಟು ಸಲ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರಿನ ಕಾಡಿನಲ್ಲಿ ಸತ್ತದ್ದು. ಕಾಡಾನೆ ಹಿಡಿಯುವ ಕೆಲಸಕ್ಕೆ ಹೋಗಿ ಸಲಗದ ಜೊತೆ ಕಾದಾಡಿ ಬಿದ್ದ ಆ ಸುದ್ದಿಯನ್ನು ಹೇಳುವಾಗ ಗೌಡರು ಮನೆಯವರೊಬ್ಬರು ಹೋದಂತೆ ದನಿ ತಗ್ಗಿಸಿದರು. ಅದೇ ಬಾಯಲ್ಲಿ, ಕಳೆದ ವರ್ಷ ತುಳಿದು ಹಾಳು ಮಾಡಿದ ಕಾಫಿ ಗಿಡಗಳ ಲೆಕ್ಕವನ್ನೂ ಕೊಟ್ಟರು. ತೋಟದ ಹಾದಿಯಲ್ಲಿ ಆನೆಗೆ ಸಿಕ್ಕಿ ಜೀವ ಬಿಟ್ಟ ಕೂಲಿಯವರ ಮಾತು ಬಂದಾಗ ಒಲೆಯ ಕೊಳ್ಳಿ ಒಳಗೆ ತಳ್ಳಿ ಸುಮ್ಮನಾದರು.

ಭಾನುವಾರ ಬೆಳಿಗ್ಗೆ ಆರೂವರೆಗೆ ಬಾಗಿಲು ಬಡಿದ ಸದ್ದು. "ದಾಟಿದಾವೆ. ಏಳಿ."

ಮುಂದೆ ತೋಟದ ಹಳೆಯ ಆಳು, ಹಿಂದೆ ನಾವು. ಕೈಗೋಲು ಮಡಚಿ ಇಡಿ, ಕಲ್ಲಿಗೆ ತಾಗಿ ಟಣ್ ಅನ್ನುತ್ತದೆ ಎಂದು ಅವನು ಮೊದಲೇ ಹೇಳಿದ್ದ. ಕಾಫಿ ಎಲೆಗಳಿಂದ ಇಬ್ಬನಿ ಪಟಪಟ ಉದುರುತ್ತಿತ್ತು, ಪ್ಯಾಂಟು ಮೊಣಕಾಲವರೆಗೆ ಒದ್ದೆ. ಎಲ್ಲೋ ಮಲಬಾರ್ ಅಳಿಲು ಕಟಕಟ ಎಂದಿತು. ಗುಡ್ಡದ ಮಗ್ಗುಲಲ್ಲಿ ಬಗನಿ ಮರವೊಂದು ಉರುಳಿತ್ತು; ಕಾಂಡ ಸೀಳಿ ಒಳಗಿನ ತಿರುಳು ಎಳೆದು ತಿಂದಿದ್ದವು, ನಾರು ಇನ್ನೂ ಹಸಿಯಾಗಿತ್ತು. ಸ್ವಲ್ಪ ಮುಂದೆ ಲದ್ದಿ, ಅದರ ಮೇಲೆ ತೆಳ್ಳಗೆ ಹಬೆ. ನಮ್ಮಲ್ಲೊಬ್ಬ ಫೋಟೊಗೆಂದು ಬಾಗಿದವನು ಹಬೆ ಕಂಡು ನೆಟ್ಟಗಾದ.

ಹಳ್ಳದ ಒದ್ದೆ ಮಣ್ಣಿನಲ್ಲಿ ಹೆಜ್ಜೆ ಒತ್ತಿತ್ತು. ಆಳು ಹೆಗಲಿನ ಟವೆಲ್ಲು ತೆಗೆದು ಹಗ್ಗದಂತೆ ಹೊಸೆದು ಮುಂಗಾಲಿನ ಗುರುತಿನ ಸುತ್ತ ಇಟ್ಟ, ಸೇರಿದ ಜಾಗ ಬೆರಳಲ್ಲಿ ಹಿಡಿದ. ಆ ಅಳತೆಯ ಎರಡರಷ್ಟು ಎತ್ತರ, ನೆಲದಿಂದ ಭುಜದವರೆಗೆ. ಟವೆಲ್ಲನ್ನು ಪಕ್ಕದ ಸಿಲ್ವರ್ ಮರಕ್ಕೆ ಹಿಡಿದು ಎರಡು ಸಲ ಮೇಲೇರಿಸಿದ. ಎರಡನೆಯದಕ್ಕೆ ತುದಿಗಾಲಲ್ಲಿ ನಿಂತು ಕೈ ಚಾಚಿದರೂ ಮುಟ್ಟಲಿಲ್ಲ. "ಹೆಣ್ಣಲ್ಲ ಇದು" ಎಂದಷ್ಟೇ ಹೇಳಿ ಟವೆಲ್ಲು ಕೊಡವಿಕೊಂಡ. ಆಮೇಲೆ ಗುಡ್ಡದ ತುದಿಯಿಂದ ಕಂಡ ಪಶ್ಚಿಮದ ಬೆಟ್ಟಸಾಲು ಚೆನ್ನಾಗಿಯೇ ಇತ್ತು. ಆದರೆ ನನ್ನ ಕಣ್ಣು ಹಿಂದೆ ಬಂದ ದಾರಿಯ ಮೇಲೇ ಇತ್ತು.

ಮಧ್ಯಾಹ್ನ ಯಗಚಿ ಜಲಾಶಯದಲ್ಲಿ ಕಯಾಕ್ ಹುಟ್ಟು ಹಾಕಿ ತೋಳು ನೋಯಿಸಿಕೊಂಡೆವು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಜೆ ಬೇಲೂರಿನಲ್ಲಿ ಬಸ್ಸಿಗೆ ಒಂದು ಗಂಟೆ ಇತ್ತು, ಚೆನ್ನಕೇಶವನ ಗುಡಿಗೆ ಹೋದೆವು. 1117ರ ಗುಡಿ, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನ ಇನ್ನೂ ಹೆಚ್ಚು. ಎಲ್ಲರ ಕತ್ತೂ ಮದನಿಕೆಯರ ಕಡೆಗೆ ಮೇಲೆತ್ತಿತ್ತು. ನಾನು ಮಾತ್ರ ಬಗ್ಗಿ ಕೆಳಗಿನ ಪಟ್ಟಿಕೆಯ ಆನೆಗಳನ್ನು ನೋಡುತ್ತಾ ಹೊರಟೆ. 600ಕ್ಕೂ ಹೆಚ್ಚು ಇವೆ. ಕೆತ್ತಿದವನೂ ಎಲ್ಲೋ ಒದ್ದೆ ಮಣ್ಣಿನ ಹೆಜ್ಜೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಿರಬೇಕು.

ಬಸ್ ನಿಲ್ದಾಣಕ್ಕೆ ಬಂದಾಗ ಕತ್ತಲಾಗಿತ್ತು. ಬಿಕ್ಕೋಡಿನ ಬಸ್ಸಿಗೆ ಕಾದಿದ್ದ ಮುದುಕಿಯೊಬ್ಬರು ಕಂಡಕ್ಟರನನ್ನು ವಿಚಾರಿಸುತ್ತಿದ್ದರು.

"ತಡ ಆಗುತ್ತೆ ಅಜ್ಜಿ. ಆನೆ ರಸ್ತೇಲಿ ನಿಂತವಂತೆ."

"ದಾಟ್ಲಿ ಬಿಡಪ್ಪ" ಎಂದು ಅವರು ಕಟ್ಟೆಯ ಮೇಲೆ ಚೀಲ ಇಳಿಸಿ, ಸೆರಗಿನ ಗಂಟು ಬಿಚ್ಚಿ, ಹುರಿದ ಕಡಲೆಕಾಯಿ ಸುಲಿಯತೊಡಗಿದರು.