ಬರೆದರೂ ಉಚ್ಚರಿಸದ ಹೆಸರು

ಭದ್ರಾವತಿಯ ಪ್ರಾಟೆಸ್ಟಂಟರು ಓದುತ್ತ ಬಂದ ಕನ್ನಡ ಸತ್ಯವೇದದಲ್ಲಿ ದೇವರ ಹೆಸರು ‘ಯೆಹೋವ’. ಅದೇ ಊರಿನ ಕ್ಯಾಥೊಲಿಕರ ಬೈಬಲಿನಲ್ಲಿ ಅದೇ ಜಾಗದಲ್ಲಿ ‘ಸರ್ವೇಶ್ವರ’ ಎಂದಿದೆ. ಎರಡಕ್ಕೂ ಮೂಲ ಒಂದೇ: ಯೋದ್, ಹೇ, ವಾವ್, ಹೇ ಎಂಬ ನಾಲ್ಕು ಹೀಬ್ರೂ ಅಕ್ಷರಗಳ ಹೆಸರು. ಹೀಬ್ರೂ ಬೈಬಲಿನಲ್ಲಿ 6,800ಕ್ಕೂ ಹೆಚ್ಚು ಸಲ ಬರುವ ಈ ಹೆಸರನ್ನು ಯೆಹೂದ್ಯರು ಬಾಯಿಬಿಟ್ಟು ಓದುವುದಿಲ್ಲ.

ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬುದು ಹತ್ತು ಆಜ್ಞೆಗಳಲ್ಲೊಂದು. ಯೆರೂಸಲೇಮಿನ ದೇವಾಲಯದಲ್ಲಿ ಪ್ರಾಯಶ್ಚಿತ್ತದ ದಿನ ಮಹಾಯಾಜಕ ಈ ಹೆಸರನ್ನು ಉಚ್ಚರಿಸುತ್ತಿದ್ದ. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಕೆಡವಿದರು; ಮುಂದೆ ಸರಿಯಾದ ಉಚ್ಚಾರವೂ ಮರೆಯಾಯಿತು. ಪ್ರಾರ್ಥನೆಯಲ್ಲಿ ಅದರ ಬದಲು ‘ಅದೋನಾಯ್’ (ನನ್ನ ಒಡೆಯ), ದಿನದ ಮಾತಿನಲ್ಲಿ ‘ಹಶೇಮ್’ (ಆ ಹೆಸರು) ಎನ್ನುತ್ತಾರೆ. ಗಂಡನ ಹೆಸರೆತ್ತದೆ ‘ನಮ್ಮನೆಯವರು’ ಎನ್ನುವ ಹಿರಿಯ ಹೆಣ್ಣುಮಕ್ಕಳನ್ನು ಕಂಡವರಿಗೆ ಈ ಸಂಕೋಚ ಅಪರಿಚಿತವಲ್ಲ.

ಬರವಣಿಗೆಯಲ್ಲಿ ಈ ಎಚ್ಚರ ಇನ್ನೂ ಗಾಢ. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿಗಳೂ ಹೌದು. 15 ಮತ್ತು 16ನ್ನು ಹತ್ತರ ಜೊತೆ ಐದು, ಆರು ಸೇರಿಸಿ ಬರೆದರೆ ದೇವರ ಹೆಸರಿನ ತುಣುಕುಗಳಾಗುತ್ತವೆ. ಹಾಗಾಗಿ ಒಂಬತ್ತರ ಜೊತೆ ಆರು, ಏಳನ್ನು ಸೇರಿಸಿ ಬರೆಯುತ್ತಾರೆ. ಪವಿತ್ರ ಹೆಸರನ್ನು ಒಮ್ಮೆ ಬರೆದ ಮೇಲೆ ಅಳಿಸುವಂತಿಲ್ಲ. ಹರಿದ ಗ್ರಂಥಗಳನ್ನು ‘ಗೆನಿಜಾ’ ಎಂಬ ಕೋಣೆಯಲ್ಲಿ ಕೂಡಿಟ್ಟು, ಬಳಿಕ ಮಣ್ಣು ಮಾಡುತ್ತಾರೆ. ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಗೆನಿಜಾದಲ್ಲಿ ಹೀಗೆ ಕೂಡಿಟ್ಟು, ಮಣ್ಣು ಮಾಡದೆ ಉಳಿದ ಹಾಳೆಗಳು ಲಕ್ಷಗಟ್ಟಲೆ; ಅವುಗಳಲ್ಲಿ ದಿನಬಳಕೆಯ ಕಾಗದಪತ್ರಗಳೂ ಇವೆ. ಆ ಪ್ರದೇಶದ ಮಧ್ಯಯುಗದ ಯೆಹೂದ್ಯರ ವ್ಯಾಪಾರ, ಮದುವೆ, ಜಗಳಗಳೆಲ್ಲ ಇಂದು ತಿಳಿದಿರುವುದು ಬಹುಪಾಲು ಈ ಭಕ್ತಿಯಿಂದಲೇ.

‘ಯೆಹೋವ’ ಎಂಬ ರೂಪ ಹುಟ್ಟಿದ್ದು ಓದಿನ ಗೊಂದಲದಿಂದ. ‘ಅದೋನಾಯ್’ ಎಂದು ಓದಬೇಕೆಂದು ನೆನಪಿಸಲು, ಹೀಬ್ರೂ ಬೈಬಲಿಗೆ ಸ್ವರಚಿಹ್ನೆ ಹಾಕಿದ ಮಸೋರ ಪಂಡಿತರು ಆ ಪದದ ಸ್ವರಚಿಹ್ನೆಗಳನ್ನು ನಾಲ್ಕು ಅಕ್ಷರಗಳಿಗೆ ಹಚ್ಚಿದ್ದರು. ಕ್ರೈಸ್ತ ವಿದ್ವಾಂಸರು ಎರಡನ್ನೂ ಕೂಡಿಸಿ ಓದಿದರು. ಮೂಲದಲ್ಲಿ ‘ಯಾಹ್ವೆ’ ಎಂದಿದ್ದಿರಬೇಕು ಎಂಬುದು ಹೆಚ್ಚಿನ ವಿದ್ವಾಂಸರ ಊಹೆ. 2008ರಲ್ಲಿ ವ್ಯಾಟಿಕನ್, ಆರಾಧನೆಯ ಹಾಡು, ಪ್ರಾರ್ಥನೆಗಳಲ್ಲಿ ಆ ಹೆಸರನ್ನು ಉಚ್ಚರಿಸಬಾರದೆಂದು ಸೂಚಿಸಿತು. ಕನ್ನಡದ ‘ಸರ್ವೇಶ್ವರ’ ಯೆಹೂದ್ಯರ ಹಳೆಯ ರೂಢಿಗೆ ಹತ್ತಿರ.

ಇನ್ನೊಂದು ಹೆಸರು ‘ಎಲೋಹಿಮ್’. ರೂಪ ಬಹುವಚನ, ಆದರೆ ಇಸ್ರೇಲಿನ ದೇವರನ್ನು ಹೇಳುವಾಗ ಕ್ರಿಯಾಪದ ಏಕವಚನ. ರಬ್ಬಿಗಳ ವ್ಯಾಖ್ಯಾನದಲ್ಲಿ ಇದು ದೇವರ ನ್ಯಾಯವನ್ನೂ, ನಾಲ್ಕಕ್ಷರದ ಹೆಸರು ಕರುಣೆಯನ್ನೂ ಸೂಚಿಸುತ್ತದೆ. ‘ಏಲ್’ ಎಂಬ ಪುರಾತನ ಹೆಸರು ಸಮುವೇಲ, ದಾನಿಯೇಲ ಎಂಬ ಹೆಸರುಗಳ ಕೊನೆಯಲ್ಲಿದೆ. ನಾಲ್ಕಕ್ಷರದ ಹೆಸರಿನ ಚಿಕ್ಕ ರೂಪ ‘ಯಾ’, ಕನ್ನಡ ಚರ್ಚುಗಳಲ್ಲಿ ಹಾಡುವ ‘ಹಲ್ಲೆಲೂಯ’ದ ಕೊನೆಯಲ್ಲಿದೆ.