ಫೋಟೊದಲ್ಲಿ ಕಂಡ ಅಕ್ಷರ ಕಲ್ಲಿನಲ್ಲಿತ್ತೇ?

ಕೆಲವು ವರ್ಷಗಳ ಹಿಂದೆ ಹಳ್ಳಿಯೊಂದರ ದೇವಸ್ಥಾನದ ಮುಂದಿದ್ದ ದಾನಶಾಸನದ ಫೋಟೊ ತೆಗೆದಿದ್ದೆ. ಮನೆಗೆ ಬಂದು, ಅಕ್ಷರ ಚೆನ್ನಾಗಿ ಕಾಣಲಿ ಅಂತ ಕಾಂಟ್ರಾಸ್ಟ್ ಏರಿಸಿ ಅದೇ ಹೆಸರಿನಲ್ಲಿ ಸೇವ್ ಮಾಡಿಬಿಟ್ಟೆ. ಊರಿನ ಹೆಸರಿನ ಮೊದಲಕ್ಷರವನ್ನು ‘ವ’ ಎಂದು ಓದಿದೆ. ಆಮೇಲೆ ಅನುಮಾನ ಶುರುವಾಯ್ತು: ‘ಪ’ ಇರಬಹುದಾ? ಇವೆರಡಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ತೆರಪು. ಕಾಂಟ್ರಾಸ್ಟ್ ಏರಿಸಿದಾಗ ಅದು ನೆರಳಿನಲ್ಲಿ ಮುಚ್ಚಿಹೋಗಿರಬಹುದು. ಮೂಲ ಫೋಟೊ ಉಳಿದಿರಲಿಲ್ಲ. ಮತ್ತೆ ಹೋಗಿ ನೋಡಿದರೆ ಕಲ್ಲಿಗೆ ದಪ್ಪಗೆ ಆಯಿಲ್ ಪೇಂಟ್ ಬಳಿದಿದ್ದರು. ನನ್ನ ಪಾಠದಲ್ಲಿ ಆ ಅಕ್ಷರದ ಪಕ್ಕ ಇವತ್ತಿಗೂ ಪ್ರಶ್ನಾರ್ಥಕ ಚಿಹ್ನೆಯಿದೆ.

ಅಂದಿನಿಂದ ನನ್ನದು ಒಂದೇ ನಿಯಮ: ಮಾಡಿದ ಪ್ರತಿ ತಿದ್ದುಪಡಿಯೂ ವಾಪಸ್ ತೆಗೆಯುವಂತಿರಬೇಕು. ಇದಕ್ಕೆ ಬ್ರೌಸರಿನಲ್ಲೇ ನಡೆಯುವ ಫೋಟೊಪೀ ಸಾಕು. ಇನ್‌ಸ್ಟಾಲ್ ಮಾಡುವ ಗೋಜಿಲ್ಲ, ಫೋಟೊ ನಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ನಾನು ಮಾಡುವ ಕ್ರಮ ಹೀಗಿದೆ:

1. ‘ಇಮೇಜ್’ ಮೆನುವಿನ ಅಡ್ಜಸ್ಟ್‌ಮೆಂಟ್‌ಗಳನ್ನು ಫೋಟೊ ಮೇಲೆ ನೇರವಾಗಿ ಹಾಕಬೇಡಿ, ಅವು ಪಿಕ್ಸೆಲ್‌ಗಳನ್ನೇ ಬದಲಿಸುತ್ತವೆ. ‘ಲೇಯರ್’ ಮೆನುವಿನಿಂದ ಅಡ್ಜಸ್ಟ್‌ಮೆಂಟ್ ಲೇಯರ್ ಸೇರಿಸಿ, ಅದರಲ್ಲಿ ಕರ್ವ್ಸ್ ಅಥವಾ ಲೆವೆಲ್ಸ್ ಆರಿಸಿ. ಇದು ಫೋಟೊ ಮೇಲೆ ಬಣ್ಣದ ಗಾಜು ಇಟ್ಟ ಹಾಗೆ. ಕಣ್ಣಿನ ಗುರುತು ಒತ್ತಿದರೆ ಗಾಜು ಸರಿಯುತ್ತದೆ, ಕೆಳಗೆ ಮೂಲ ಹಾಗೇ ಇರುತ್ತದೆ.

2. ಶಾರ್ಪನ್‌ನಂಥ ಫಿಲ್ಟರ್ ಬೇಕಿದ್ದರೆ ಮೊದಲು ಆ ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿಕೊಳ್ಳಿ. ಆಗ ಫಿಲ್ಟರನ್ನೂ ಬೇಕೆಂದಾಗ ಆರಿಸಬಹುದು, ಪ್ರಮಾಣ ಬದಲಿಸಬಹುದು.

3. ಹಿನ್ನೆಲೆಯ ಗಿಡಗಂಟಿ ಬೇಡವೆಂದು ಇರೇಸರ್ ಹಿಡಿಯಬೇಡಿ. ಮಾಸ್ಕ್ ಹಾಕಿ. ಕಪ್ಪು ಬಳಿದ ಕಡೆ ಮರೆಯಾಗುತ್ತದೆ, ಬಿಳಿ ಬಳಿದರೆ ಮತ್ತೆ ಕಾಣುತ್ತದೆ.

4. ಅಕ್ಷರದ ಗೆರೆ ತಿದ್ದಿ ತೋರಿಸುವುದಿದ್ದರೆ ಖಾಲಿ ಲೇಯರ್ ಮೇಲೆ, ಎದ್ದು ಕಾಣುವ ಬಣ್ಣದಲ್ಲಿ. ಅದು ನಮ್ಮ ಓದು, ಕಲ್ಲಿನ ಬರಹವಲ್ಲ.

5. ಟ್ಯಾಬ್ ಮುಚ್ಚುವ ಮೊದಲು ಪಿಎಸ್‌ಡಿಯಾಗಿ ಸೇವ್ ಮಾಡಿ. ಜೆಪೆಗ್‌ನಲ್ಲಿ ಲೇಯರ್‌ಗಳು ಉಳಿಯೋದಿಲ್ಲ, ಮರುಸೇವ್ ಮಾಡಿದಷ್ಟೂ ಸೂಕ್ಷ್ಮ ವಿವರ ಕಳೆದುಹೋಗುತ್ತದೆ. ಹಂಚಿಕೊಳ್ಳಲು ಮಾತ್ರ ಬೇರೆ ಹೆಸರಿನಲ್ಲಿ ಜೆಪೆಗ್ ತೆಗೆಯಿರಿ.

ಶಾಸನಪಾಠ ಅಚ್ಚು ಮಾಡುವಾಗ ಅಳಿಸಿಹೋದ ಅಕ್ಷರವನ್ನು ಊಹಿಸಿ ತುಂಬಿದರೆ ಆವರಣ ಚಿಹ್ನೆಯೊಳಗೆ ಹಾಕುತ್ತೇವಲ್ಲ, ಕಲ್ಲಿನಲ್ಲಿ ಇದ್ದದ್ದು ಯಾವುದು, ನಾವು ಸೇರಿಸಿದ್ದು ಯಾವುದು ಅಂತ ಓದುಗರಿಗೆ ತಿಳಿಯಲಿ ಎಂದು. ಫೋಟೊದಲ್ಲಿ ಆ ಕೆಲಸವನ್ನು ಲೇಯರ್ ಮಾಡುತ್ತದೆ.

ಇನ್ನು ಮುಂದೆ ನಿಮ್ಮ ಓದನ್ನು ಯಾರಾದರೂ ಪ್ರಶ್ನಿಸಿದರೆ ವಾದಕ್ಕೆ ಇಳಿಯಬೇಡಿ. ಪಿಎಸ್‌ಡಿಯನ್ನೇ ಕಳಿಸಿಕೊಡಿ. ಒಂದೊಂದೇ ಲೇಯರ್ ಆರಿಸುತ್ತಾ ಅವರೇ ನೋಡಲಿ. ಎಲ್ಲ ಆರಿಸಿದ ಮೇಲೂ ಗೆರೆ ಕಂಡರೆ ಅದು ನಿಮ್ಮ ತಿದ್ದುಪಡಿಯಿಂದ ಹುಟ್ಟಿದ್ದಲ್ಲ ಎಂಬುದಾದರೂ ಖಚಿತವಾಗುತ್ತದೆ.