ಗಟ್ಟಿ ಕೋಟೆಗೆ ಯಾವ ದಾರಿ?

ಕಳೆದ ವರ್ಷ ನಮ್ಮ ಸೋದರನ ಮಗಳು ಅಂತರಶಾಲಾ ಚದುರಂಗ ಪಂದ್ಯದಿಂದ ಮನೆಗೆ ಮರಳಿದ ಸಂಜೆ ಊಟಕ್ಕೂ ಏಳಲಿಲ್ಲ. ಬಿಳಿಯ ಕಾಯಿಗಳು ಅವಳ ಪಾಲಿಗೆ ಬಂದಿದ್ದವು, ಮೊದಲ ನಡೆಯೂ ಅವಳದಾಗಿತ್ತು. ಆದರೂ ಎದುರಾಳಿಯ ವ್ಯೂಹದಲ್ಲಿ ಒಂದು ಬಿರುಕನ್ನೂ ಕಾಣದೆ, ನಲವತ್ತು ನಡೆಗಳ ಬಳಿಕ ತಾನೇ ದಣಿದು ಸೋತಿದ್ದಳು. ಅದೇ ಹುಡುಗಿಯ ಎದುರು, ಅದೇ ವ್ಯೂಹದ ಎದುರು, ಅದು ಎರಡನೆಯ ಸೋಲು. “ಇನ್ನು ನಾನು ಆಡುವುದಿಲ್ಲ” ಎಂದಳು. ಒಂಬತ್ತನೆಯ ತರಗತಿಯ ಮಗುವಿನ ಬಾಯಲ್ಲಿ ಆ ಮಾತನ್ನು ಕೇಳಿ ನಮಗೆ ಸುಮ್ಮನಿರಲು ಆಗಲಿಲ್ಲ.

ಎದುರಾಳಿ ಆಡಿದ್ದು ಕಾರೊ-ಕಾನ್ ಎಂಬ ರಕ್ಷಣಾ ಪದ್ಧತಿ. ಬರ್ಲಿನ್‌ನಲ್ಲಿ ನೆಲೆಸಿದ್ದ ಆಂಗ್ಲ ಆಟಗಾರ ಹೊರೇಷಿಯೊ ಕಾರೊ ಹಾಗೂ ವಿಯೆನ್ನಾದ ಮಾರ್ಕಸ್ ಕಾನ್ ಇವರು 1886ರಲ್ಲಿ ಇದರ ವಿಶ್ಲೇಷಣೆಯನ್ನು ಪ್ರಕಟಿಸಿದ್ದರಿಂದ ಇಬ್ಬರ ಹೆಸರೂ ಇದಕ್ಕೆ ಅಂಟಿಕೊಂಡಿದೆ. ಬಿಳಿಯು ರಾಜನ ಮುಂದಿನ ಕಾಲಾಳನ್ನು ಇ-4ಕ್ಕೆ ನಡೆಸಿದರೆ ಕಪ್ಪು ಸಿ-6 ಎಂದು ಒಂದೇ ಹೆಜ್ಜೆ ಇಡುತ್ತದೆ. ಬಿಳಿಯು ಡಿ-4 ಆಡಿದೊಡನೆ ಕಪ್ಪು ಡಿ-5 ಎಂದು ನಡುಹಲಗೆಯಲ್ಲಿ ಎದುರು ನಿಲ್ಲುತ್ತದೆ. ಹಲಗೆಯನ್ನು ಪಕ್ಕದಲ್ಲಿರಿಸಿಕೊಂಡು ಓದುವವರಿಗೆ ಇದರ ಸೊಗಸು ಬೇಗನೆ ಹೊಳೆಯುತ್ತದೆ. ಡಿ-5ರ ಕಾಲಾಳಿಗೆ ಬೆಂಬಲವೂ ದೊರೆಯಿತು, ಸಿ-8ರಲ್ಲಿರುವ ಒಂಟೆಯ ದಾರಿಯೂ ಮುಚ್ಚಲಿಲ್ಲ. ಫ್ರೆಂಚ್ ರಕ್ಷಣೆಯಲ್ಲಾದರೋ ಇ-6ರ ಕಾಲಾಳು ಆ ಒಂಟೆಯನ್ನು ಮನೆಯೊಳಗೇ ಕೂಡಿಹಾಕುತ್ತದೆ. ಕಾರೊ-ಕಾನ್ ತೆರುವ ಬೆಲೆ ಅಲ್ಪ: ಕುದುರೆಗೆ ಸಹಜವಾದ ಸಿ-6 ಮನೆ ಕೈತಪ್ಪುತ್ತದೆ, ಕಾಲಾಳು ಮುಂದೆ ಸಿ-5ಕ್ಕೆ ಹೋಗಬೇಕಾದರೆ ಒಂದು ನಡೆ ಹೆಚ್ಚಾಗುತ್ತದೆ. ಕಾಪಾಬ್ಲಾಂಕಾ, ಬಾಟ್ವಿನಿಕ್, ಪೆಟ್ರೋಸಿಯನ್, ಕಾರ್ಪೋವ್ ಇವರೆಲ್ಲ ಈ ಕೋಟೆಯನ್ನು ನಂಬಿದವರೇ. (ಇಂದಿನ ಮಕ್ಕಳು ರಾಣಿ ಎನ್ನುವ ಕಾಯಿಯನ್ನು ನಾವು ಮಂತ್ರಿಯೆಂದೇ ಕರೆಯುತ್ತ ಬೆಳೆದವರು. ನಮ್ಮ ಹಳೆಯ ಮನೆಯಾಟದಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಸರಿಯುತ್ತಿತ್ತು. ಆದ್ದರಿಂದ ಸಿ-6ರ ಸಂಕೋಚದ ಹೆಜ್ಜೆ ನಮಗೆ ಮೊದಲಿನಿಂದಲೂ ಪ್ರಿಯ.)

ಇಂಥ ಕೋಟೆಯ ಮುಂದೆ ಬಿಳಿಯು ಏನು ಮಾಡಬೇಕು?

ಹಳೆಯ ರಾಜಮಾರ್ಗವೆಂದರೆ ಮೂರನೆಯ ನಡೆಯಲ್ಲಿ ಕುದುರೆಯನ್ನು ಸಿ-3ಕ್ಕೆ ತರುವುದು. ಕಪ್ಪು ಇ-4ರ ಕಾಲಾಳನ್ನು ಹೊಡೆಯುತ್ತದೆ, ಕುದುರೆ ಅದನ್ನು ಮರಳಿ ಹೊಡೆಯುತ್ತದೆ. ಇಲ್ಲಿ ಕಪ್ಪಿಗೆ ಬಲೆಗಳೂ ಉಂಟು. ಕಪ್ಪು ಒಂದು ಕುದುರೆಯನ್ನು ಡಿ-7ಕ್ಕೆ ತಂದಾಗ ಬಿಳಿಯ ಮಂತ್ರಿ ಇ-2ರಲ್ಲಿ ಬಂದು ಕುಳಿತರೆ, ಆ ಕ್ಷಣದಲ್ಲಿ ಇನ್ನೊಂದು ಕುದುರೆಯನ್ನು ಎಫ್-6ಕ್ಕೆ ತರುವುದು ಸಹಜವೆಂದು ತೋರುತ್ತದೆ. ತಂದರೆ ಬಿಳಿಯ ಕುದುರೆ ಡಿ-6ಕ್ಕೆ ಹಾರಿ ಆರನೆಯ ನಡೆಯಲ್ಲಿಯೇ ಆಟ ಮುಗಿಯುತ್ತದೆ! ಇ-7ರ ಕಾಲಾಳು ಮಂತ್ರಿಯ ದೃಷ್ಟಿಗೆ ಸಿಲುಕಿರುವುದರಿಂದ ಕುದುರೆಯನ್ನು ಹೊಡೆಯಲಾರದು. ರಾಜನಾದರೋ ತನ್ನವರ ನಡುವೆಯೇ ಉಸಿರುಗಟ್ಟಿ ನಿಂತಿರುತ್ತಾನೆ. ಮಹಾರಥಿಗಳೂ ಈ ಹಾದಿಯಲ್ಲಿ ಎಡವಿದ್ದಾರೆ. 1997ರ ಮೇ 11ರಂದು ನ್ಯೂಯಾರ್ಕ್‌ನಲ್ಲಿ ಡೀಪ್ ಬ್ಲೂ ಗಣಕಯಂತ್ರದ ಎದುರು ಆರನೆಯ ಹಾಗೂ ಕೊನೆಯ ಆಟವನ್ನಾಡಿದ ಕಾಸ್ಪರೋವ್ ಏಳನೆಯ ನಡೆಯಲ್ಲಿ ಎಚ್-6 ಎಂದು ಅಕಾಲದಲ್ಲಿ ಕಾಲಾಳನ್ನು ಸರಿಸಿದರು. ಯಂತ್ರವು ಇ-6ರಲ್ಲಿ ಕುದುರೆಯನ್ನು ಬಲಿಕೊಟ್ಟಿತು. 19 ನಡೆಗಳಿಗೆ ಜಗಜ್ಜೇತರು ಸೋಲೊಪ್ಪಿದರು. ಆದರೆ ಎಚ್ಚರಿಕೆಯಿಂದ ಆಡುವ ಎದುರಾಳಿ ಇಂಥ ಬಲೆಗೆ ಬೀಳುವುದಿಲ್ಲ, ನಮ್ಮ ಹುಡುಗಿಯ ಎದುರಾಳಿಯೂ ಬಿದ್ದಿರಲಿಲ್ಲ.

ಎರಡನೆಯದು ಇ-5 ಎಂದು ಕಾಲಾಳನ್ನು ಮುನ್ನಡೆಸುವ ದಾರಿ. ಕಪ್ಪು ಒಂಟೆ ಎಫ್-5ಕ್ಕೆ ಹೊರಬರುತ್ತದೆ. 1960ರಲ್ಲಿ ಬಾಟ್ವಿನಿಕ್‌ರನ್ನು ಸೋಲಿಸಿ 23ರ ವಯಸ್ಸಿನಲ್ಲಿ ವಿಶ್ವವಿಜೇತರಾಗಿದ್ದ ಮಿಖಾಯಿಲ್ ತಾಲ್, 1961ರ ಮರುಪಂದ್ಯದಲ್ಲಿ ಇಲ್ಲಿ ಎಚ್-4 ಎಂಬ ವಿಚಿತ್ರ ನಡೆಯನ್ನು ಹೂಡಿದರು. ಕಪ್ಪು ಮೈಮರೆತು ಇ-6 ಆಡಿದರೆ ಜಿ-4, ಎಫ್-3, ಎಚ್-5 ಎಂದು ಕಾಲಾಳುಗಳು ಸಾಲಾಗಿ ಬಂದು ಆ ಒಂಟೆಯನ್ನೇ ಸೆರೆಹಿಡಿಯುತ್ತವೆ. ಬಾಟ್ವಿನಿಕ್ ಮೈಮರೆಯುವವರಲ್ಲ, ಆ ಪಂದ್ಯವನ್ನು 13-8ರಿಂದ ಗೆದ್ದು ಪಟ್ಟವನ್ನು ಮರಳಿ ಪಡೆದರು. ಇದೇ ದಾರಿಯಲ್ಲಿ ನೈಜೆಲ್ ಶಾರ್ಟ್ ತೋರಿದ ಶಾಂತಕ್ರಮವೂ ಒಂದಿದೆ: ಕುದುರೆ ಎಫ್-3ಕ್ಕೆ, ಒಂಟೆ ಇ-2ಕ್ಕೆ, ಬಳಿಕ ರಾಜನಿಗೆ ಕೋಟೆ.

ನಮ್ಮ ತಪ್ಪು ಇಲ್ಲಿಯೇ ನಡೆಯಿತು. ತಾರುಣ್ಯದಲ್ಲಿ ತಾಲ್‌ರ ಆಟಗಳನ್ನು ಓದಿ ಮರುಳಾಗಿದ್ದ ನಾವು, ಮಗುವಿನ ಸ್ವಭಾವವೇನೆಂದು ವಿಚಾರಿಸದೆ, ಸಿ-3ರಲ್ಲಿ ಕುದುರೆಯನ್ನಿಟ್ಟು ಜಿ-4 ಎಂದು ನುಗ್ಗುವ ಉಗ್ರಕ್ರಮವನ್ನು ಮೂರು ವಾರ ಅವಳಿಗೆ ಕಲಿಸಿದೆವು. ಅವಳು ವಿಧೇಯಳಾಗಿ ಕಲಿತಳು. ಕಪ್ಪು ಸಿ-5 ಎಂದು ನಡುವನ್ನು ಒಡೆದಾಗ ಬಿಳಿಯ ರಾಜನಿಗೆ ಆಶ್ರಯವೇ ಇರಲಿಲ್ಲ. ಮೂರನೆಯ ಸೋಲು 23 ನಡೆಗಳಿಗೇ ಮುಗಿಯಿತು. ಈ ಬಾರಿ ಅವಳು ಅಳಲಿಲ್ಲ. “ಆ ನಡೆಗಳು ನಿಮ್ಮವು ದೊಡ್ಡಪ್ಪ, ನನಗೆ ಭಯವಾಗುತ್ತಿತ್ತು” ಎಂದಷ್ಟೇ ಹೇಳಿದಳು. ನಾವು ತಲೆ ತಗ್ಗಿಸಿದೆವು.

ಬಳಿಕ ಪುಸ್ತಕಗಳನ್ನು ಅವಳ ಕೈಗೇ ಕೊಟ್ಟೆವು. ಅವಳು ಆರಿಸಿಕೊಂಡದ್ದು ನಾವು ಸಪ್ಪೆಯೆಂದು ಬದಿಗಿರಿಸಿದ್ದ ವಿನಿಮಯದ ದಾರಿಯನ್ನು. ಮೂರನೆಯ ನಡೆಯಲ್ಲಿ ಡಿ-5ರ ಕಾಲಾಳನ್ನು ಹೊಡೆದು, ಕಪ್ಪು ಸಿ-ಕಾಲಾಳಿನಿಂದ ಮರಳಿ ಹೊಡೆದಾಗ ಒಂಟೆಯನ್ನು ಡಿ-3ರಲ್ಲಿ ನಿಲ್ಲಿಸುವುದು. ಇಲ್ಲಿಯೇ ಸಿ-4 ಎಂದು ಕಾಲಾಳನ್ನು ನೂಕಿದರೆ ಪಾನೋವ್ ಆಕ್ರಮಣವಾಗುತ್ತದೆ. ಅದರಲ್ಲಿ ಬಹುತೇಕ ಡಿ-4ರ ಕಾಲಾಳು ಒಂಟಿಯಾಗಿ ಉಳಿಯುವುದರಿಂದ ಅವಳಿಗೆ ಅದು ಹಿಡಿಸಲಿಲ್ಲ. ಡಿ-3ರ ಒಂಟೆಯ ಗುಣವನ್ನು ಅವಳೇ ನಮಗೆ ವಿವರಿಸಿದಳು: ಅದು ಎಫ್-5 ಮನೆಯನ್ನು ಕಾಯುವುದರಿಂದ ಕಪ್ಪು ಒಂಟೆ ತನ್ನ ಪ್ರಿಯಸ್ಥಾನಕ್ಕೆ ಸುಖವಾಗಿ ಬರಲಾರದು. ಮುಂದೆ ಸಿ-3ರಿಂದ ನಡುವಿಗೆ ಆಧಾರ, ಎಫ್-4ರಲ್ಲಿ ಎರಡನೆಯ ಒಂಟೆ. ಕಪ್ಪು ಒಂಟೆ ಜಿ-4ಕ್ಕೆ ಹಾರಿದರೆ, ಅದು ಬಿಟ್ಟುಬಂದ ಬಿ-7ರ ಕಾಲಾಳಿನ ಮೇಲೆ ಬಿ-3ರಿಂದ ಮಂತ್ರಿಯ ಕಣ್ಣು.

ಈ ಸಪ್ಪೆ ದಾರಿಗೆ ಒಂದು ಹಿರಿಯ ಇತಿಹಾಸವಿದೆ. ಬಾಬಿ ಫಿಷರ್ 1959ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಕಾರೊ-ಕಾನ್ ಎದುರು ಎರಡು ಕುದುರೆಗಳ ಕ್ರಮವನ್ನೇ ಹಿಡಿದು ನಿರೀಕ್ಷಿತ ಫಲ ಕಾಣಲಿಲ್ಲ. ಹನ್ನೊಂದು ವರ್ಷಗಳ ಬಳಿಕ, 1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಸೋವಿಯತ್ ತಂಡಕ್ಕೂ ಉಳಿದ ವಿಶ್ವದ ತಂಡಕ್ಕೂ ಪಂದ್ಯ ನಡೆದಾಗ, ಪೆಟ್ರೋಸಿಯನ್‌ರಂಥ ರಕ್ಷಣಾಚತುರರ ಎದುರು ಇದೇ ವಿನಿಮಯವನ್ನೂ ಇದೇ ಡಿ-3ರ ಒಂಟೆಯನ್ನೂ ಆರಿಸಿ ಗೆದ್ದರು. ಇದನ್ನು ನಾವು ಹೇಳುವ ಮೊದಲೇ ಹುಡುಗಿ ಓದಿಕೊಂಡಿದ್ದಳು. ಆ ಆಟವನ್ನು ಹಲಗೆಯ ಮೇಲೆ ನಮಗಾಗಿ ಆಡಿಯೂ ತೋರಿಸಿದಳು.

ಈ ಕ್ರಮದಲ್ಲಿ ಕಪ್ಪಿಗೂ ಸಿ-ಸಾಲಿನಲ್ಲಿ ಚಟುವಟಿಕೆಗೆ ಅವಕಾಶವುಂಟು. ಆರಂಭದಿಂದಲೇ ಹೆಚ್ಚಿನ ಲಾಭ ಬಿಳಿಗೆ ದಕ್ಕದು. ಬಿಳಿಯು ಇ-5ರಲ್ಲಿ ಕುದುರೆಯನ್ನು ನೆಲೆಗೊಳಿಸಿ ರಾಜಪಾರ್ಶ್ವದತ್ತ ನಿಧಾನವಾಗಿ ಸಾಗಬೇಕು. ಹುಡುಗಿಗೆ ಆ ನಿಧಾನವೇ ಒಗ್ಗಿದೆ. ಕಳೆದ ತಿಂಗಳು ಅದೇ ಎದುರಾಳಿಯೊಡನೆ ನಾಲ್ಕನೆಯ ಬಾರಿ ಕುಳಿತು 52 ನಡೆಗಳವರೆಗೆ ಹೋರಾಡಿ ಸಮಬಲ ಸಾಧಿಸಿದಳು. ಮನೆಗೆ ಬಂದವಳು ಮೊದಲು ಊಟ ಮಾಡಿ, ಬಳಿಕ ಹಲಗೆ ಹರವಿ, ಮೂವತ್ತೊಂದನೆಯ ನಡೆಯಲ್ಲಿ ತಾನು ಗೆಲ್ಲಬಹುದಾಗಿದ್ದ ಸ್ಥಿತಿಯನ್ನು ತೋರಿಸಿದಳು. ಆನೆಯನ್ನು ಒಂದು ಮನೆ ಈಚೆ ಇಟ್ಟಿದ್ದರೆ ಸಾಕಿತ್ತು.

ಮುಂದಿನ ಭಾನುವಾರ ಮತ್ತೆ ಪಂದ್ಯವಿದೆ. ನಿನ್ನೆ ರಾತ್ರಿ ಅವಳು ಕೇಳಿದಳು: “ದೊಡ್ಡಪ್ಪ, ಅವಳು ಈ ಸಲ ಸಿ-6 ಬಿಟ್ಟು ಇ-6 ಆಡಿದರೆ?” ದೀಪ ಆರಿಸಲು ಎದ್ದಿದ್ದ ನಾವು ಮತ್ತೆ ಹಲಗೆಯ ಮುಂದೆ ಕುಳಿತೆವು.